ಹಣದ ಹಂಗು

ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದಲ್ಲಿ, ಗಿಲ್ಮೋರ್ ಪ್ಲೇಸ್ ಎಂಬ ಬೀದಿಯ 33ನೆಯ ಮನೆಯ ಗೋಡೆಗೆ 2018ರಲ್ಲಿ ಒಂದು ಫಲಕವನ್ನು ಹಾಕಿದರು. ಗುಲಾಮಗಿರಿಯ ವಿರುದ್ಧ ಹೋರಾಡಿದ ಫ್ರೆಡರಿಕ್ ಡಗ್ಲಾಸ್ 1846ರಲ್ಲಿ ಅಲ್ಲಿ ತಂಗಿದ್ದನೆಂಬುದರ ನೆನಪು ಅದು. ಆತನ ಹೆಜ್ಜೆಯ ಜಾಡು ಹಿಡಿದು ಮಾರ್ಗದರ್ಶಕರೊಡನೆ ಊರನ್ನು ಸುತ್ತಿ ನೋಡುವವರು ಇಂದು ಅಲ್ಲಿ ಉಂಟು. ಆದರೆ ಮನೆಮಠಗಳನ್ನು ಕಂಡು ಬಂದರೆ ಸಾಲದು. ಆತ ಆ ಬೀದಿಗಳಲ್ಲಿ ಎತ್ತಿದ ಪ್ರಶ್ನೆಯನ್ನೂ ಜೊತೆಗೆ ತರಬೇಕು.

ಅಮೆರಿಕದ ಮೇರಿಲ್ಯಾಂಡಿನಲ್ಲಿ ಗುಲಾಮನಾಗಿ ಹುಟ್ಟಿದ ಡಗ್ಲಾಸ್ 1838ರಲ್ಲಿ ತಪ್ಪಿಸಿಕೊಂಡ. 1845ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ಒಡೆಯನ ಹೆಸರನ್ನು ಮುಚ್ಚಿಡದೆ ಬರೆದ. ಮತ್ತೆ ಹಿಡಿದೊಯ್ಯುವರೆಂಬ ಭಯವಿದ್ದುದರಿಂದ ಅದೇ ವರ್ಷ ಹಡಗು ಹತ್ತಿದ. ಐರ್ಲೆಂಡಿನಲ್ಲಿ ಭಾಷಣಗಳನ್ನು ಮಾಡಿ, ಮರುವರ್ಷ ಸ್ಕಾಟ್ಲೆಂಡಿಗೆ ಬಂದ.

ಅಲ್ಲಿ ಫ್ರೀ ಚರ್ಚ್ ಎಂಬ ಹೊಸ ಪಂಗಡವೊಂದು ಹುಟ್ಟಿತ್ತು. ಪಾದ್ರಿಗಳನ್ನು ನೇಮಿಸುವ ಅಧಿಕಾರ ಜಮೀನುದಾರರಿಗಿರುವುದು ಸಲ್ಲದೆಂದು 1843ರಲ್ಲಿ ಹಳೆಯ ಚರ್ಚನ್ನು ಬಿಟ್ಟು ಬಂದವರ ಪಂಗಡ ಅದು. ಅಂತಃಸಾಕ್ಷಿಗಾಗಿ ಮನೆ, ಸಂಬಳಗಳನ್ನು ತೊರೆದ ಧೀರರು ಅವರು. ಆದರೆ ದೇವಾಲಯಗಳನ್ನು ಕಟ್ಟಲು ಹಣ ಬೇಕಲ್ಲ! ಅಮೆರಿಕದಲ್ಲಿ ಚಂದಾ ಎತ್ತಿದಾಗ ಗುಲಾಮರ ಒಡೆಯರಿದ್ದ ಪ್ರಾಂತಗಳಿಂದ ಸುಮಾರು 3,000 ಪೌಂಡು ಬಂತು. 'ಆ ಹಣವನ್ನು ಹಿಂದಕ್ಕೆ ಕಳುಹಿಸಿ' ಎಂದು ಡಗ್ಲಾಸ್ ಸಭೆಸಭೆಯಲ್ಲಿ ಗುಡುಗಿದ. ಆ ಮಾತು ಬೀದಿಯ ಗೋಡೆಗಳನ್ನೂ ಏರಿತು. ಹಣ ಮಾತ್ರ ಹಿಂದಿರುಗಲಿಲ್ಲ.

ಅದೇ ವರ್ಷದ ಕೊನೆಗೆ ಇನ್ನೊಂದು ಸಂಗತಿ ನಡೆಯಿತು. ನ್ಯೂಕ್ಯಾಸಲ್ಲಿನ ರಿಚರ್ಡ್‌ಸನ್ ಮನೆತನದ ಎಲೆನ್ ಮತ್ತು ಅನ್ನಾ ಎಂಬ ಮಹಿಳೆಯರು ಹಣ ಕೂಡಿಸಿ, ಒಡೆಯನಿಗೆ 150 ಪೌಂಡು ಕೊಡಿಸಿ, ಡಗ್ಲಾಸನ ಬಿಡುಗಡೆಪತ್ರವನ್ನು ಪಡೆದರು. ಆತನ ಗೆಳೆಯರಲ್ಲಿಯೇ ಕೆಲವರು ಕೆರಳಿದರು. ಮನುಷ್ಯನಿಗೆ ಬೆಲೆ ಕೊಟ್ಟಮೇಲೆ ಆತ ಮಾರಾಟದ ವಸ್ತುವೆಂದು ಒಪ್ಪಿಕೊಂಡಂತಾಗಲಿಲ್ಲವೆ? ಒಡೆಯರ ಹಣ ಕೂಡದೆಂದವನೇ ಒಡೆಯನಿಗೆ ಹಣ ಸಲ್ಲುವುದನ್ನು ಒಪ್ಪಬಹುದೆ?

ಆಕ್ಷೇಪ ಹಗುರವಾದುದಲ್ಲ. ಆದರೂ ಈ ಎರಡು ಹಣಗಳು ಒಂದೇ ಅಲ್ಲವೆಂದು ನನಗೆ ತೋರುತ್ತದೆ. ದಾರಿಗಳ್ಳನ ಕೈಗೆ ಥೈಲಿ ಕೊಟ್ಟು ಮಗುವನ್ನು ಬಿಡಿಸಿಕೊಂಡ ತಾಯಿ, ಕಳ್ಳತನವನ್ನು ಒಪ್ಪಿದಳೆಂದು ಯಾರೂ ಹೇಳುವುದಿಲ್ಲ. ಕಳ್ಳನಿಂದ ದಾನ ಪಡೆದು ಅವನನ್ನು ಪಂಕ್ತಿಯಲ್ಲಿ ಕೂರಿಸಿಕೊಂಡವನ ಮಾತು ಬೇರೆ. ದಾನ ಪಡೆದವನ ಮೇಲೆ ಹಂಗು ಬೀಳುತ್ತದೆ. 3,000 ಪೌಂಡು ಪಡೆದ ಚರ್ಚು, ಗುಲಾಮಗಿರಿ ಪಾಪವೆಂದರೂ ಗುಲಾಮರ ಒಡೆಯರನ್ನು ಸಹಧರ್ಮಿಗಳಲ್ಲವೆಂದು ದೂರವಿಡಲಾರದೆ ಹೋಯಿತು. 150 ಪೌಂಡಾದರೋ ಒಂದು ಬಾಯಿಯನ್ನು ಬಿಡಿಸಿತು. ಡಗ್ಲಾಸ್ 1847ರಲ್ಲಿ ನಿರ್ಭಯನಾಗಿ ತಾಯ್ನಾಡಿಗೆ ಮರಳಿ, ತನ್ನದೇ ಪತ್ರಿಕೆಯನ್ನು ಹೊರಡಿಸಿದ.

ಆಗ ಅಮೆರಿಕದಲ್ಲಿ 25 ಲಕ್ಷಕ್ಕೂ ಹೆಚ್ಚು ಜನ ಗುಲಾಮರಿದ್ದರು. ಅವರನ್ನೆಲ್ಲ ಬಿಡಿಸುವ ಹಣ ಯಾರ ಬಳಿಯೂ ಇರಲಿಲ್ಲ. ಬಿಡುಗಡೆ ಪಡೆದವನು ಸುಮ್ಮನೆ ಕುಳಿತಿದ್ದರೆ ಆ 150 ಪೌಂಡಿಗೂ ಕಳಂಕ ತಗಲುತ್ತಿತ್ತು.

ಯಾವ ಸತ್ಕಾರ್ಯಕ್ಕಾದರೂ ಹಣ ಬಂದಾಗ ಅದು ಎಲ್ಲಿಂದ ಬಂತೆಂದು ಕೇಳುತ್ತೇವೆ, ಕೇಳಲೇಬೇಕು. ಅದನ್ನು ಪಡೆದಮೇಲೆ ನಾವು ಯಾವ ಮಾತನ್ನು ಆಡಲಾರೆವು ಎಂದೂ ಕೇಳಿಕೊಳ್ಳುವುದು ಒಳ್ಳೆಯದು.