ಮಾಮು ಒರಗಿ ನಿಂತ ಕಾರು

ನನ್ನ ತಾಯಿಯ ಹಳೆಯ ಟ್ರಂಕಿನಲ್ಲಿ ಒಂದು ಫೋಟೋ ಇದೆ. 1986ರಲ್ಲಿ ಜಿದ್ದಾದಿಂದ ಬಂದದ್ದು. ನನ್ನ ಸೋದರಮಾವ, ನಾವು ಮಕ್ಕಳೆಲ್ಲ ಮಾಮು ಎಂದು ಕರೆಯುತ್ತಿದ್ದವರು, ಕಡುನೀಲಿ ಬಣ್ಣದ ಒಂದು ಮರ್ಸಿಡಿಸ್ ಕಾರಿನ ಹಿಂಭಾಗಕ್ಕೆ ಒರಗಿ ನಿಂತಿದ್ದಾರೆ. ಮುಖದ ಅರ್ಧ ನುಂಗಿದ ಕಪ್ಪು ಕನ್ನಡಕ, ಕಿವಿ ಮುಚ್ಚುವ ಕೂದಲು, ಹಕ್ಕಿಯ ರೆಕ್ಕೆಯಂತೆ ಚಾಚಿದ ಕಾಲರು, ನೆಲ ಗುಡಿಸುವ ಬೆಲ್‌ಬಾಟಂ. ಕಾರು ಅವರದ್ದಲ್ಲ. ಅವರು ಆ ಮನೆಯ ಡ್ರೈವರ್. ಆದರೆ ಆ ಫೋಟೋ ಊರಿನಲ್ಲಿ ಎರಡು ವರ್ಷ ಕೈಯಿಂದ ಕೈಗೆ ತಿರುಗಿ, ಕೊನೆಗೆ ಮಾಮುವಿನ ಮದುವೆಯ ಮಾತುಕತೆಗೂ ಹೋಗಿಬಂತು. ಕಾರು ಯಾರದು ಎಂದು ಹೆಣ್ಣಿನ ಕಡೆಯವರು ಕೇಳಲಿಲ್ಲ, ನಮ್ಮವರು ಹೇಳಲಿಲ್ಲ.

ಈಚೆಗೆ ಈದ್‌ಗೆ ಊರಿಗೆ ಹೋದಾಗ ನನ್ನ ಮಗಳ ಕೈಗೆ ಆ ಫೋಟೋ ಸಿಕ್ಕಿತು. ಮಾಮುವಿನ ವೇಷ ನೋಡಿ ಹೊಟ್ಟೆ ಹುಣ್ಣಾಗುವಂತೆ ನಕ್ಕಳು. ನಕ್ಕು ಮುಗಿದ ಮೇಲೆ, "ಕಾರು ಮಾತ್ರ ಚೆನ್ನಾಗಿದೆ, ಈಗಲೂ ಸಿಗುತ್ತದಾ?" ಎಂದಳು. ಅವಳು ಹುಟ್ಟುವ ಎಷ್ಟೋ ವರ್ಷ ಮೊದಲಿನ ಕಾರು ಅದು. ಒಂದೇ ಚೌಕಟ್ಟಿನಲ್ಲಿ, ಒಂದೇ ಬಿಸಿಲಿನಲ್ಲಿ ನಿಂತ ಎರಡರಲ್ಲಿ ಒಂದು ನಗೆಪಾಟಲಾಗಿ, ಇನ್ನೊಂದು ಹಾಗೇ ಉಳಿದದ್ದು ಹೇಗೆ ಎಂಬ ಪ್ರಶ್ನೆ ಅಂದಿನಿಂದ ನನ್ನ ತಲೆಯಲ್ಲಿ ಕೂತಿದೆ. ಸಿರಿವಂತರ ಕಾರಿನ ಅಂದಚಂದ ಚರ್ಚಿಸುವುದು ನಮಗೇಕೆ ಎಂದು ಓದುಗರು ಕೇಳಬಹುದು. ಕೇಳಬೇಕಾದ ಮಾತೇ. ಅದಕ್ಕೆ ಆಮೇಲೆ ಬರುತ್ತೇನೆ.

ಆ ಕಾರು ಮರ್ಸಿಡಿಸ್ ಕಂಪೆನಿಯ ಎಸ್-ಕ್ಲಾಸ್. ಕಾರಿನ ಹುಚ್ಚಿರುವವರು ಅದನ್ನು ಡಬ್ಲ್ಯು 126 ಎಂಬ ಸಂಕೇತದಿಂದ ಗುರುತಿಸುತ್ತಾರೆ. 1979ರಲ್ಲಿ ಫ್ರಾಂಕ್‌ಫರ್ಟಿನ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡು 1991ರವರೆಗೆ ತಯಾರಾಯಿತು. ಎಂಟು ಲಕ್ಷಕ್ಕೂ ಮಿಕ್ಕಿ ಕಾರುಗಳು ಹೊರಬಂದವು. 1973ರ ತೈಲ ಬಿಕ್ಕಟ್ಟು ಯುರೋಪಿನ ಕಾರು ತಯಾರಕರನ್ನು ಬೆಚ್ಚಿಬೀಳಿಸಿದ್ದ ಕಾಲ. ಭಾರ ಇಳಿಸಬೇಕು, ಗಾಳಿಯನ್ನು ಸುಲಭವಾಗಿ ಸೀಳಿಕೊಂಡು ಹೋಗಬೇಕು ಎಂಬ ಒತ್ತಡದಲ್ಲಿ ಅದರ ಆಕಾರ ಮೂಡಿತು. ಹಿಂದಿನ ಮಾಡೆಲಿನಲ್ಲಿ ಥಳಥಳಿಸುತ್ತಿದ್ದ ಭಾರಿ ಕ್ರೋಮ್ ಬಂಪರನ್ನು ತೆಗೆದು, ಮೈಗೆ ಅಂಟಿದಂತಿರುವ ಪ್ಲಾಸ್ಟಿಕ್ ಬಂಪರ್ ಇಟ್ಟರು. ಅದೇ ಪ್ಲಾಸ್ಟಿಕ್ ಬಾಗಿಲುಗಳ ಕೆಳಗೂ ಪಟ್ಟಿಯಾಗಿ ಹರಿಯಿತು. ಬಂಗಾರದ ಬೆಲೆ ಕೊಟ್ಟು ಕೊಳ್ಳುವ ಕಾರಿಗೆ ಪ್ಲಾಸ್ಟಿಕ್ಕೇ? ಆ ವರ್ಷಗಳ ಮರ್ಸಿಡಿಸ್ ಕಾರುಗಳ ಈ ಪಟ್ಟಿಗಳಿಗೆ ಜರ್ಮನರು 'ಸಾಕ್ಕೋ ಹಲಗೆಗಳು' ಎಂದು ಅಡ್ಡಹೆಸರಿಟ್ಟರು.

ಬ್ರೂನೋ ಸಾಕ್ಕೋ ಆ ಕಂಪೆನಿಯ ವಿನ್ಯಾಸದ ಮುಖ್ಯಸ್ಥರು. 1933ರಲ್ಲಿ ಇಟಲಿಯ ಊದಿನೆಯಲ್ಲಿ ಹುಟ್ಟಿ, 1958ರಲ್ಲಿ ಜರ್ಮನಿಯ ಈ ಕಂಪೆನಿಗೆ ಸೇರಿ, 1975ರಿಂದ 1999ರವರೆಗೆ ಅದರ ವಿನ್ಯಾಸ ವಿಭಾಗವನ್ನು ನಡೆಸಿದವರು. 2024ರಲ್ಲಿ ತೀರಿಕೊಂಡರು. ಅವರದ್ದು ಎರಡು ನಿಯಮಗಳು. ಒಂದು ಕಾಲದಲ್ಲಿ ಮಾರುವ ಚಿಕ್ಕ ದೊಡ್ಡ ಕಾರುಗಳೆಲ್ಲ ಒಂದೇ ಮನೆಯ ಮಕ್ಕಳಂತೆ ಕಾಣಬೇಕು ಎಂಬುದು ಮೊದಲನೆಯದು. ಇದು ವ್ಯಾಪಾರದ ಜಾಣತನ, ಬಿಡಿ. ಎರಡನೆಯದು ನನ್ನನ್ನು ಹಿಡಿದು ನಿಲ್ಲಿಸಿತು: ಹೊಸ ಮಾಡೆಲ್ ಬಂದ ದಿನ ಹಿಂದಿನ ಮಾಡೆಲ್ ಹಳಸಲಾಗಿ ಕಾಣಬಾರದು.

ಇದರ ಇನ್ನೊಂದು ತುದಿಯಲ್ಲಿದ್ದದ್ದು ಅಮೆರಿಕ. ಜನರಲ್ ಮೋಟಾರ್ಸಿನ ಆಲ್ಫ್ರೆಡ್ ಸ್ಲೋನ್ ಮತ್ತು ಅವರ ವಿನ್ಯಾಸಗಾರ ಹಾರ್ಲಿ ಅರ್ಲ್ ವರ್ಷವರ್ಷವೂ ಕಾರಿನ ರೂಪ ಬದಲಿಸುವುದನ್ನೇ ಒಂದು ಪದ್ಧತಿ ಮಾಡಿದರು. ನಿನ್ನೆ ಕೊಂಡವನಿಗೆ ಇಂದು ತನ್ನ ಕಾರಿನ ಬಗ್ಗೆ ಒಂದಿಷ್ಟು ಸಂಕೋಚ ಹುಟ್ಟಬೇಕು, ಆ ಸಂಕೋಚವೇ ಅವನನ್ನು ಮತ್ತೆ ಅಂಗಡಿಗೆ ಕರೆತರಬೇಕು. ಯುದ್ಧವಿಮಾನದ ಬಾಲ ನೋಡಿ 1948ರ ಕ್ಯಾಡಿಲಾಕ್ ಕಾರಿಗೆ ಇಟ್ಟ ಸಣ್ಣ ರೆಕ್ಕೆ ವರ್ಷದಿಂದ ವರ್ಷಕ್ಕೆ ಬೆಳೆಯುತ್ತ ಹೋಗಿ, 1959ರ ಹೊತ್ತಿಗೆ ತನ್ನ ಎತ್ತರದ ತುದಿ ಮುಟ್ಟಿತ್ತು. ಅದಕ್ಕಿಂತ ಮೇಲೆ ಹೋಗಲು ದಾರಿಯಿರಲಿಲ್ಲ. ಆಮೇಲೆ ಇಳಿಯಿತು. ಇಂದು ಆ 1959ರ ಕ್ಯಾಡಿಲಾಕನ್ನು ಜನ ಪ್ರೀತಿಯಿಂದಲೇ ನೋಡುತ್ತಾರೆ. ಆದರೆ ಮಾಮುವಿನ ಬೆಲ್‌ಬಾಟಂ ನೋಡುವ ಹಾಗೆ, ಒಂದು ಕಾಲದ ನೆನಪಾಗಿ. ಅದು ಚೆಲುವಿನ ಬಾಳಿಕೆಯಲ್ಲ.

ಉರ್ದು ಶಾಲೆಯಲ್ಲಿ ನಮ್ಮ ಉಸ್ತಾದರು 'ವಜಾದಾರಿ' ಎಂಬ ಮಾತನ್ನು ಪದೇ ಪದೇ ಬಳಸುತ್ತಿದ್ದರು. ವಜಾ ಎಂದರೆ ರೂಪ, ಧಾಟಿ, ಉಡುವ-ನಡೆಯುವ ರೀತಿ. ವಜಾದಾರ್ ಎಂದರೆ ಕಾಲ ಬದಲಾದರೂ, ಕಿಸೆ ಬರಿದಾದರೂ ತನ್ನ ರೀತಿಯನ್ನು ಬಿಡದವನು. ಗುರುವಾರ ಸಂಜೆ ಗೆಳೆಯನ ಮನೆಗೆ ಹೋಗುವ ರೂಢಿಯಿದ್ದರೆ ಮಳೆ ಬಂದರೂ ಹೋಗುವವನು. ಅಲ್ಲಿಂದ ಕನ್ನಡ ಶಾಲೆಗೆ ಬಂದಾಗ ಪತ್ರಿಕೆಯಲ್ಲಿ 'ನೌಕರ ವಜಾ' ಎಂದು ಓದಿ ಕಕ್ಕಾಬಿಕ್ಕಿಯಾಗಿದ್ದೆ. ಎರಡರ ಅರಬಿ ಮೂಲವೂ ಒಂದೇ ಎಂದು ಗೊತ್ತಾದದ್ದು ಎಷ್ಟೋ ಕಾಲದ ಮೇಲೆ. ಉರ್ದುವಿನಲ್ಲೂ ಸಂಬಳದಿಂದ ಹಣ ಮುರಿದುಕೊಂಡರೆ ವಜಾ ಎನ್ನುತ್ತಾರೆ. ಮರಾಠಿಯಲ್ಲಂತೂ ಲೆಕ್ಕದ ಕಳೆಯುವಿಕೆಗೇ ವಜಾ ಎಂದು ಹೆಸರು. ರೂಪ ಕೊಡುವುದಕ್ಕೂ ಕಳೆಯುವುದಕ್ಕೂ ಒಂದೇ ಮಾತು! ಭಾಷೆ ಹೀಗೆ ಆಗಾಗ ನಮಗೆ ಹೇಳದೆಯೇ ಬುದ್ಧಿವಂತಿಕೆ ಮಾಡಿರುತ್ತದೆ. ಆ ಕಡುನೀಲಿ ಕಾರಿನಲ್ಲಿ ಕಳೆದದ್ದೆಷ್ಟು, ಉಳಿಸಿದ್ದೆಷ್ಟು ಎಂದು ನೋಡುತ್ತ ಕೂತರೆ ಈ ಎರಡೂ ಅರ್ಥ ಅಲ್ಲಿ ಕೂಡುತ್ತವೆ. ಗಾಜಿಗೂ ತಗಡಿಗೂ ಇರುವ ಪ್ರಮಾಣ, ಚಕ್ರದ ಮೇಲೆ ಮೈ ಕೂತ ರೀತಿ, ದೀಪದಿಂದ ದೀಪದವರೆಗೆ ಎಲ್ಲಿಯೂ ಮುರಿಯದ ಒಂದು ಗೆರೆ. ಇವು ಫ್ಯಾಷನ್ನಿನ ಕೈಗೆ ಸಿಗುವಂಥವಲ್ಲ. ಫ್ಯಾಷನ್ ಮೊದಲು ತಿನ್ನುವುದು ಅಲಂಕಾರವನ್ನು.

ಇಷ್ಟು ಬರೆದ ಮೇಲೆ ನನಗೇ ಅನುಮಾನ. ಸಂಕೋಚ ಸ್ವಭಾವದ್ದೆಲ್ಲ ಬಾಳುತ್ತದೆ, ಬೆರಗು ಹುಟ್ಟಿಸಿದ್ದೆಲ್ಲ ಸಾಯುತ್ತದೆ ಎಂದು ಹೇಳಿಬಿಡಬಹುದೇ? 1955ರ ಪ್ಯಾರಿಸ್ ಪ್ರದರ್ಶನದಲ್ಲಿ ಸಿತ್ರೋಯೆನ್ ಡಿಎಸ್ ಕಾರಿನ ಪರದೆ ಸರಿದಾಗ ಜನ ಬೇರೆ ಗ್ರಹದಿಂದ ಬಂದ ವಸ್ತುವನ್ನು ಕಂಡಂತೆ ಕಂಡರು. ಮೊದಲ ದಿನವೇ ಸುಮಾರು 12,000 ಬೇಡಿಕೆ ಬಂತೆಂದು ದಾಖಲೆ. ಶಿಲ್ಪಿಯೂ ಆಗಿದ್ದ ಫ್ಲಾಮಿನಿಯೋ ಬೆರ್ತೋನಿ ಅದನ್ನು ರೂಪಿಸಿದ್ದರು. ಅದರಲ್ಲಿ ವಿನಯ ಎಂಬುದು ಎಳ್ಳಷ್ಟೂ ಇಲ್ಲ. ಆದರೂ ಎಪ್ಪತ್ತು ವರ್ಷ ದಾಟಿದ ಮೇಲೂ ಅದು ಮುದಿಯಾಗಿಲ್ಲ. ಇನ್ನೊಂದು ಕಡೆ ಜಾಗ್ವಾರ್. 1968ರ ಎಕ್ಸ್‌ಜೆ ಕಾರಿನ ರೂಪ ಎಷ್ಟು ಚೆಲುವಾಗಿತ್ತೆಂದರೆ ಕಂಪೆನಿಗೆ ಅದನ್ನು ಬಿಟ್ಟುಕೊಡಲು ಮನಸ್ಸಾಗಲೇ ಇಲ್ಲ. 2003ರಲ್ಲಿ ಮೈಯೆಲ್ಲ ಅಲ್ಯೂಮಿನಿಯಮ್ಮಿನದಾಗಿ ಹೊಸ ತಂತ್ರಜ್ಞಾನದಲ್ಲಿ ಕಟ್ಟಿದರೂ ಹೊರಗೆ ಅದೇ ಹಳೆಯ ಮುಖ. ಅದು ವಜಾದಾರಿಯಲ್ಲ, ಅಜ್ಜನ ಶೇರ್ವಾನಿ ತೊಟ್ಟು ಅಜ್ಜನಂತೆ ಕೆಮ್ಮುವುದು. ಹುಟ್ಟುವಾಗಲೇ ಹಳತಾಗಿತ್ತು. 2009ರಲ್ಲಿ ಅವರೇ ಆ ರೂಪವನ್ನು ಮುರಿದರು. ಅಷ್ಟರಲ್ಲಿ ಕಂಪೆನಿ ನಮ್ಮ ಟಾಟಾ ಅವರ ಕೈಗೆ ಬಂದಿತ್ತು.

ಹಾಗಾದರೆ ವ್ಯತ್ಯಾಸ ಎಲ್ಲಿದೆ? ಡಿಎಸ್ ಕಾರಿನ ವಿಚಿತ್ರ ರೂಪಕ್ಕೆ ಒಳಗೊಂದು ಕಾರಣವಿತ್ತು. ಗಾಳಿಗೆ ತಕ್ಕ ಮೂಗು, ಎಣ್ಣೆ ಮತ್ತು ಅನಿಲದ ಒತ್ತಡದ ಮೇಲೆ ತೇಲುವ ಹೊಸ ಬಗೆಯ ಸಸ್ಪೆನ್ಷನ್. ಕ್ಯಾಡಿಲಾಕಿನ ರೆಕ್ಕೆಗೆ ಹಾರುವ ಕೆಲಸವಿರಲಿಲ್ಲ. ಈಗಿನ ಸಿರಿವಂತ ಕಾರುಗಳ ಮುಂದೆ ನಿಂತಾಗಲೂ ನನಗೆ ಇದೇ ತೋರುವುದು. ಮರ್ಸಿಡಿಸ್ಸಿನದೇ 2021ರ ಇಕ್ಯೂಎಸ್ ಎಂಬ ವಿದ್ಯುತ್ ಕಾರಿಗೆ 141 ಸೆಂಟಿಮೀಟರ್ ಅಗಲದ ಗಾಜಿನ ಪರದೆ ಕೂರಿಸಿದರು. ಬೇಗ ಮುಪ್ಪಾಗುವ ವಸ್ತುವನ್ನು ನಿಧಾನವಾಗಿ ಮುಪ್ಪಾಗಬೇಕಾದ ವಸ್ತುವಿನ ಎದೆಗೆ ಕಟ್ಟಿದಂತೆ. ಐದು ವರ್ಷದ ಹಿಂದಿನ ಮೊಬೈಲನ್ನು ನಾವು ಹೇಗೆ ನೋಡುತ್ತೇವೆ ಎಂಬುದು ಎಲ್ಲರಿಗೂ ಗೊತ್ತು.

2001ರ ಬಿಎಂಡಬ್ಲ್ಯು ಸೆವೆನ್ ಸೀರೀಸ್ ಇದಕ್ಕೆ ಸೇರುವುದಿಲ್ಲ, ಅದರ ಕತೆ ಬೇರೆ. ಡಿಕ್ಕಿಯ ಮುಚ್ಚಳವನ್ನು ಬೇರೆ ಕಾರಿನದನ್ನು ತಂದಿಟ್ಟಂತೆ ಎತ್ತರಿಸಿದ್ದರು. ವಿನ್ಯಾಸದ ಮುಖ್ಯಸ್ಥ ಕ್ರಿಸ್ ಬ್ಯಾಂಗಲ್ ಅವರನ್ನು ಕೆಲಸದಿಂದ ತೆಗೆಯಿರಿ, ಅಂದರೆ ನಮ್ಮ ಕನ್ನಡದ ವಜಾ ಮಾಡಿರಿ, ಎಂದು ಅಭಿಮಾನಿಗಳು ಸಹಿ ಸಂಗ್ರಹಿಸಿದರು. ಕಾರು ಮಾತ್ರ ಚೆನ್ನಾಗಿ ಮಾರಾಟವಾಯಿತು. ಆ ಎತ್ತರದ ಹಿಂಭಾಗ ಬರಬರುತ್ತ ಬೇರೆಯವರ ಕಾರುಗಳಲ್ಲೂ ಕಾಣಿಸಿಕೊಂಡಿತು. ಈಗ ಅದು ಅಷ್ಟೇನೂ ಕುರೂಪ ಅನ್ನಿಸುವುದಿಲ್ಲ. ಕಾಲ ಅದನ್ನು ಒಪ್ಪಿಕೊಂಡಿತೇ, ಅಥವಾ ನಮ್ಮ ಕಣ್ಣು ಸುಮ್ಮನೆ ಒಗ್ಗಿಕೊಂಡಿತೇ? ಇದನ್ನು ಬಿಡಿಸುವುದು ನನ್ನಿಂದಾಗಿಲ್ಲ. ಕಾರಿನ ವಿಷಯದಲ್ಲಿ ಹೋಗಲಿ, ಒಗ್ಗಿಕೊಂಡದ್ದನ್ನೆಲ್ಲ ಒಪ್ಪಿಕೊಂಡಂತೆ ಬದುಕುವುದು ನಮ್ಮ ಸಮಾಜಕ್ಕೆ ಹೊಸತೇನಲ್ಲ.

ಸಾಕ್ಕೋ ಅವರೂ ಎಡವಿದವರೇ. 1991ರಲ್ಲಿ ಮಾಮುವಿನ ಕಾರಿನ ಜಾಗಕ್ಕೆ ಬಂದ ಡಬ್ಲ್ಯು 140 ಭಾರಿ ಗಾತ್ರದ್ದು. ಅರಬರು ಅದನ್ನು 'ಶಬಹ್', ಅಂದರೆ ಭೂತ ಎಂದು ಕರೆದರು. ಜರ್ಮನಿಯಲ್ಲಿ ಸಿಲ್ಟ್ ದ್ವೀಪಕ್ಕೆ ಕಾರುಗಳನ್ನು ಹೊತ್ತೊಯ್ಯುವ ರೈಲಿಗೆ ಅದರ ಅಗಲ ಹಿಡಿಸದೆ ಸುದ್ದಿಯಾಯಿತು. ಅದು ನಾಲ್ಕು ಇಂಚು ಹೆಚ್ಚು ಎತ್ತರವಾಯಿತೆಂದು ಸಾಕ್ಕೋ ಒಪ್ಪಿಕೊಂಡಿದ್ದರು. ದೊಡ್ಡ ಕಂಪೆನಿಯ ದೊಡ್ಡ ಮನುಷ್ಯನೊಬ್ಬ ತನ್ನ ಕೃತಿಯ ತಪ್ಪನ್ನು ಇಂಚಿನ ಲೆಕ್ಕದಲ್ಲಿ ಹೇಳುವುದನ್ನು ನಾನು ಬೇರೆಡೆ ಕಂಡಿಲ್ಲ.

ಇನ್ನು ಭಾರತದ ಮಾತು. 1995ರಲ್ಲಿ ಪುಣೆಯಲ್ಲಿ ಮರ್ಸಿಡಿಸ್ ಕಾರು ಜೋಡಿಸಲು ಆರಂಭಿಸಿದಾಗ ನಮಗೆ ಸಿಕ್ಕಿದ್ದು 1984ರಲ್ಲಿ ಹುಟ್ಟಿದ ಡಬ್ಲ್ಯು 124. ಅದೇ ವರ್ಷ ಯುರೋಪಿನಲ್ಲಿ ಅದರ ಉತ್ತರಾಧಿಕಾರಿ ನಾಲ್ಕು ದುಂಡು ದೀಪಗಳೊಡನೆ ಬೀದಿಗಿಳಿದಿತ್ತು. ನಮಗೆ ಹಳೆ ಸರಕು ಸಾಗಹಾಕಿದರೆಂದು ಗೊಣಗಿದವರಿದ್ದರು, ಅವರ ಗೊಣಗಾಟ ನ್ಯಾಯವಾದದ್ದೇ. ಆದರೆ ಈಗ ಎರಡನ್ನೂ ಅಕ್ಕಪಕ್ಕ ನಿಲ್ಲಿಸಿದರೆ ನಾಲ್ಕು ದೀಪದ ಕಾರು 1995ರದ್ದೆಂದು ಮುಖದಲ್ಲೇ ಬರೆದುಕೊಂಡಿದೆ. ನಮ್ಮ ಪಾಲಿಗೆ ಬಂದ 'ಹಳೆಯದು' ಇಸವಿ ಹೇಳುವುದಿಲ್ಲ.

ಈಗ ಆ ಮೊದಲ ಪ್ರಶ್ನೆ. ಸಿರಿವಂತರ ಕಾರಿನ ಚೆಲುವು ನಮಗೇಕೆ? ಕಾರಿನ ಒಡೆಯ ಕಾರಿನ ಒಳಗೆ ಕೂತಿರುತ್ತಾನೆ. ಅವನಿಗೆ ಕಾಣುವುದು ಮುಂದಿನ ಸೀಟಿನ ಬೆನ್ನು. ಕಾರಿನ ಹೊರರೂಪ ಇರುವುದು ಬೀದಿಯವರಿಗೆ. ಕೊಳ್ಳಲು ಒಬ್ಬ, ನೋಡಲು ಸಾವಿರ ಜನ. ನೋಡುವವರನ್ನು ಯಾರೂ ಕೇಳಿರುವುದಿಲ್ಲ. ಮತ್ತೆ, ಅಂಥ ಕಾರು ಮೊದಲ ಒಡೆಯನ ಬಳಿ ಇರುವುದು ಕೆಲವೇ ವರ್ಷ. ಆಮೇಲೆ ಎರಡನೆಯವನು, ಮೂರನೆಯವನು. ಮೊರೊಕ್ಕೋ ದೇಶದಲ್ಲಿ 1970ರ ದಶಕದ ಮರ್ಸಿಡಿಸ್ ಸೆಡಾನುಗಳು ದಶಕಗಟ್ಟಲೆ ಊರಿಂದೂರಿಗೆ ಓಡುವ ಟ್ಯಾಕ್ಸಿಗಳಾಗಿದ್ದವು, ಡ್ರೈವರನ ಪಕ್ಕ ಇಬ್ಬರು, ಹಿಂದೆ ನಾಲ್ವರು. 2014ರ ಸುಮಾರಿಗೆ ಸರ್ಕಾರ ಸಹಾಯಧನ ಕೊಟ್ಟು ಅವುಗಳನ್ನು ಬದಲಿಸತೊಡಗಿತು. ಯುರೋಪಿನ ವೈದ್ಯನೋ ವಕೀಲನೋ ಬಿಟ್ಟುಕೊಟ್ಟ ಕಾರಿನಲ್ಲಿ ಕೋಳಿ ಬುಟ್ಟಿಯೊಂದಿಗೆ ಕೂತ ಮುದುಕಿಗೂ ಆ ಕಾರು ಅಣಕವಾಗಿ ಕಾಣಲಿಲ್ಲವಾದರೆ, ಅದನ್ನು ರೂಪಿಸಿದವರು ತಮ್ಮ ಗಿರಾಕಿಯನ್ನು ದಾಟಿ ಇನ್ನಷ್ಟು ದೂರದವರಿಗೂ ಮಾತು ಉಳಿಸಿಕೊಂಡರು ಎಂದೇ ನನ್ನ ಲೆಕ್ಕ. ಆ ದೂರದವರ ಪಟ್ಟಿಯಲ್ಲಿ ನನ್ನ ಮಾಮುವೂ ಇದ್ದಾರೆ.

ಇದನ್ನು ಬರೆಯುವ ನೆಪದಲ್ಲಿ ನನ್ನ ಮೊದಲ ಕಥಾಸಂಕಲನ ತೆಗೆದೆ. ಮೂರು ಪುಟ ಓದುವಷ್ಟರಲ್ಲಿ ಮುಚ್ಚಿಟ್ಟೆ. ಆಗ ಎಲ್ಲರೂ ಬರೆಯುತ್ತಿದ್ದಂತೆ ಬರೆದ ವಾಕ್ಯಗಳು, ಸಂಪಾದಕರು ಬೆರಗಾಗಲೆಂದು ತುರುಕಿದ ಪಾರಸಿ ಮಾತುಗಳು. ಎಲ್ಲ ರೆಕ್ಕೆಗಳೇ. ಒಂದು ಕತೆ ಮಾತ್ರ, ಒಬ್ಬ ಬೀಡಿ ಗುತ್ತಿಗೆದಾರನದು, ಆಗ ಯಾರೂ ಗಮನಿಸದೆ ಹೋದದ್ದು, ಪರವಾಗಿಲ್ಲ ಎನ್ನುವಂತಿತ್ತು.

ಮಾಮುವಿಗೆ ಈಗ ಎಪ್ಪತ್ತು ದಾಟಿದೆ. ಫೋಟೋ ತೋರಿಸಿ ಕಾರಿನ ಹಿಂದಿನ ದೀಪಗಳ ಬಗ್ಗೆ ಕೇಳಿದೆ. ಕೆಂಪು ಗಾಜಿನ ಮೇಲೆ ಅಡ್ಡಕ್ಕೆ ಏಣಿಯಂತೆ ಏರಿಳಿತ. ಅದನ್ನು ನಾನು ಚಿಕ್ಕಂದಿನಿಂದ ಅಲಂಕಾರ ಎಂದೇ ತಿಳಿದಿದ್ದೆ. ದೂಳು, ಕೆಸರು ಅಂಟಿದರೂ ಒಳಗಿನ ತಗ್ಗುಗಳು ಸ್ವಚ್ಛವಾಗಿ ಉಳಿದು ಹಿಂದೆ ಬರುವವನಿಗೆ ಬೆಳಕು ಕಾಣಲಿ ಎಂದು ಹಾಗೆ ಮಾಡಿದ್ದೆಂದು ಈಚೆಗೆ ಓದಿ ತಿಳಿಯಿತು. ಮಾಮುವಿಗೆ ಆಶ್ಚರ್ಯವೇನೂ ಆಗಲಿಲ್ಲ. "ಹೌದಲ್ಲ, ಮರಳಗಾಳಿ ಎದ್ದ ದಿನ ಉಬ್ಬಿನ ಮೇಲೆಲ್ಲ ಹಳದಿ ಕೂರುತ್ತಿತ್ತು, ತಗ್ಗು ಕೆಂಪಗೇ ಇರುತ್ತಿತ್ತು" ಎಂದರು. "ಆದರೂ ಫಜರ್ ಮುಗಿಸಿ ಬಂದು ಬಟ್ಟೆ ಹಿಡಿದು ಒರೆಸಲೇಬೇಕು. ಒಡೆಯನಿಗೆ ದೂಳು ಕಂಡರೆ ಆಗುತ್ತಿರಲಿಲ್ಲ." ಬೆರಳಲ್ಲಿ ಫೋಟೋದ ಮೇಲೆ ಆ ದೀಪವನ್ನೊಮ್ಮೆ ಒರೆಸಿ, ಮಗಳ ಕೈಗೆ ಕೊಟ್ಟರು.