ಶತ್ರುವಿನ ಸೂತಕ

ಹೊನೊಲುಲುವಿನ ಪರ್ಲ್ ಹಾರ್ಬರಿನಲ್ಲಿ ನಿಂತಿರುವ ‘ಮಿಸೌರಿ’ ಯುದ್ಧನೌಕೆಗೆ ಬರುವವರೆಲ್ಲ ಮೊದಲು ಹುಡುಕುವುದು ಡೆಕ್ಕಿನಲ್ಲಿ ಕೂರಿಸಿರುವ ದುಂಡನೆಯ ಕಂಚಿನ ಫಲಕವನ್ನು. 1945ರ ಸೆಪ್ಟೆಂಬರ್ 2ರಂದು, ಹಡಗು ಟೋಕಿಯೊ ಕೊಲ್ಲಿಯಲ್ಲಿದ್ದಾಗ, ಅಲ್ಲಿ ಮೇಜು ಹಾಕಿ ಜಪಾನಿನ ಪ್ರತಿನಿಧಿಗಳಿಂದ ಶರಣಾಗತಿಗೆ ಸಹಿ ಹಾಕಿಸಿಕೊಂಡರು. ಮಗಳು, ಅಳಿಯ ಫೋಟೋ ತೆಗೆಯುತ್ತಿದ್ದರು. ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಬಲಮಗ್ಗುಲಿನ ಒಂದು ನೆಗ್ಗು. ಕಂಬಿಗೆ ಒರಗಿ ಕೆಳಗೆ ಬಗ್ಗಿದರೆ ಕಾಣುತ್ತದೆ: ಬೂದು ಬಣ್ಣ ಬಳಿದ ಉಕ್ಕು ಒಳಕ್ಕೆ ಬಾಗಿದೆ. ಬಣ್ಣದ ಮೇಲೆ ಬಣ್ಣ ಬಿದ್ದಿದ್ದರೂ ಬಾಗು ಮುಚ್ಚಿಲ್ಲ.

1945ರ ಏಪ್ರಿಲ್ 11ರಂದು ಒಕಿನಾವಾ ಸಮೀಪದ ಸಮುದ್ರದಲ್ಲಿ ಒಂದು ಜಪಾನಿ ‘ಝೀರೋ’ ವಿಮಾನ ಗುಂಡಿನ ಮಳೆಯನ್ನು ತೂರಿಕೊಂಡು ಬಂದು ಇಲ್ಲಿ ಅಪ್ಪಳಿಸಿತು. ಕಾಮಿಕಾಜೆ, ಅಂದರೆ ತಿರುಗಿ ಬರುವ ಲೆಕ್ಕವೇ ಇಲ್ಲದ ಹಾರಾಟ. ಬಾಂಬು ಹಡಗಿನ ಮೇಲೆ ಸಿಡಿಯಲಿಲ್ಲ. ಪೆಟ್ರೋಲಿಗೆ ಹತ್ತಿದ ಬೆಂಕಿಯನ್ನು ಬೇಗ ಆರಿಸಿದರು, ಹಡಗಿನವರು ಯಾರೂ ಸಾಯಲಿಲ್ಲ. ಅವಶೇಷಗಳ ನಡುವೆ ಪೈಲಟ್‌ನ ದೇಹದ ಅರ್ಧಭಾಗ ಸಿಕ್ಕಿತು. ಅವನು ಹತ್ತೊಂಬತ್ತರ ಹುಡುಗನಿರಬೇಕು ಎನ್ನುತ್ತದೆ ಆಮೇಲಿನ ಸಂಶೋಧನೆ.

ಆ ದೇಹವನ್ನು ನೀರಿಗೆ ತಳ್ಳಿ ಕೈತೊಳೆದುಕೊಳ್ಳಬಹುದಿತ್ತು. ಹಾಗೆ ಆಗಲಿ ಎಂದವರಿಗೆ ಕಾರಣಗಳೂ ಇದ್ದವು. ಒಕಿನಾವಾ ಕದನದಲ್ಲಿ ಅಮೆರಿಕದ ನೌಕಾಪಡೆ ಕಳೆದುಕೊಂಡದ್ದು ಸುಮಾರು 4,900 ಜನರನ್ನು, ಅವರಲ್ಲಿ ಬಹಳಷ್ಟು ಮಂದಿ ಇಂಥ ವಿಮಾನಗಳಿಗೇ ಬಲಿಯಾದವರು. ಕ್ಯಾಪ್ಟನ್ ವಿಲಿಯಂ ಕ್ಯಾಲಹನ್ ಬೇರೆಯೇ ಆಜ್ಞೆ ಕೊಟ್ಟರು: ಈತ ತನ್ನ ಕೆಲಸ ಮಾಡಿದ ಸೈನಿಕ, ಸೈನಿಕ ಮರ್ಯಾದೆಯಿಂದಲೇ ಕಳಿಸಿಕೊಡಬೇಕು. ರಾತ್ರಿ ಹಡಗಿನವರೇ ಬಟ್ಟೆ ಕತ್ತರಿಸಿ ಜಪಾನಿನ ಬಾವುಟ ಹೊಲಿದರು. ಮರುದಿನ ದೇಹವನ್ನು ಕ್ಯಾನ್ವಾಸಿನಲ್ಲಿ ಸುತ್ತಿ, ಬಾವುಟ ಹೊದಿಸಿ ತಂದರು. ಬಂದೂಕುಗಳಿಂದ ಆಕಾಶಕ್ಕೆ ಗುಂಡು ಹಾರಿಸಿದರು, ಪಾದ್ರಿ ಪ್ರಾರ್ಥನೆ ಹೇಳಿದರು, ಸಮುದ್ರಕ್ಕೆ ಬಿಟ್ಟರು. ಹಡಗಿನಲ್ಲಿ ಹಲವರಿಗೆ ಇದು ಒಂಚೂರೂ ಇಷ್ಟವಾಗಲಿಲ್ಲ.

ಕ್ಯಾಲಹನ್‌ರ ಅಣ್ಣ ಡೇನಿಯಲ್ ಕ್ಯಾಲಹನ್ ನೌಕಾಪಡೆಯ ಅಡ್ಮಿರಲ್. 1942ರ ನವೆಂಬರ್‌ನಲ್ಲಿ ಗ್ವಾಡಲ್‌ಕೆನಾಲ್ ಬಳಿ ಜಪಾನೀಯರ ಗುಂಡಿಗೆ ಸತ್ತವರು. ಅಣ್ಣನನ್ನು ಕೊಂದ ಪಡೆಯ ಹುಡುಗನಿಗೆ ತಮ್ಮ ಸಂಸ್ಕಾರ ಮಾಡಿಸಿದ.

ಇಂಥ ಕಡೆ ರಾಮ ರಾವಣನ ಸಂಸ್ಕಾರಕ್ಕೆ ವಿಭೀಷಣನನ್ನು ಒಪ್ಪಿಸಿದ್ದು ಎಲ್ಲರಿಗೂ ನೆನಪಾಗುತ್ತದೆ. ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿಯೇ ಆಯುಷ್ಯ ಕಳೆದ ನನಗೆ ನೆನಪಾದವನು ರನ್ನ. ‘ಗದಾಯುದ್ಧ’ದ ದುರ್ಯೋಧನ ಸಂಜಯನೊಂದಿಗೆ ಹೆಣಗಳ ನಡುವೆ ದಾರಿ ಮಾಡಿಕೊಂಡು ಭೀಷ್ಮರ ಬಳಿಗೆ ಹೊರಟಿದ್ದಾನೆ. ದಾರಿಯಲ್ಲಿ ಅಭಿಮನ್ಯುವಿನ ದೇಹ. ಆ ಹುಡುಗನ ಶೌರ್ಯವನ್ನು ಕೊಂಡಾಡುತ್ತಾನೆ, ಕೈಮುಗಿಯುತ್ತಾನೆ, ಅಂಥ ಮರಣದ ಒಂದು ಪಾಲಾದರೂ ತನಗೆ ಸಿಗಲಿ ಎನ್ನುತ್ತಾನೆ. ಅಲ್ಲಿಂದ ಮುಂದೆ ಕಾಣುವುದು ಅವನದೇ ಮಗ ಲಕ್ಷಣನ ಹೆಣ. ಲಕ್ಷಣನನ್ನು ಕೊಂದವನು ಯಾರು? ಇದೇ ಅಭಿಮನ್ಯು. ಮಗ ಅಪ್ಪನಿಗೆ ಬಿಡಬೇಕಾದ ನೀರನ್ನು ಅಪ್ಪನೇ ಮಗನಿಗೆ ಬಿಡುವಂತಾಯಿತಲ್ಲ ಎಂದು ಅಲ್ಲಿ ಅಳುತ್ತಾನೆ. ಮಗನನ್ನು ಕೊಂದವನಿಗೆ ಕೈಮುಗಿದಾದ ಮೇಲೆ ಮಗನಿಗಾಗಿ ಅಳು. ತರಗತಿಯಲ್ಲಿ ಈ ಕ್ರಮವನ್ನು ತೋರಿಸಿಕೊಟ್ಟಾಗಲೆಲ್ಲ ಹಿಂದಿನ ಬೆಂಚಿನ ಮಕ್ಕಳೂ ಸುಮ್ಮನಾಗುತ್ತಿದ್ದರು.

ಆದರೂ ಹಡಗಿನ ಮೇಲೆ ನಿಂತಾಗ ಒಂದು ಅಳುಕು ಹತ್ತಿಕೊಂಡಿತು. ಕ್ಯಾಪ್ಟನ್ ಕೊಟ್ಟದ್ದೂ, ದುರ್ಯೋಧನ ಕೊಟ್ಟದ್ದೂ ಶೌರ್ಯಕ್ಕೆ ಮರ್ಯಾದೆ. ಹತ್ತೊಂಬತ್ತರ ಹುಡುಗನನ್ನು ವಿಮಾನದಲ್ಲಿ ಕೂರಿಸಿ ಸಾಯಲು ಕಳಿಸಿದವರೂ ಅದನ್ನೇ ಹೊಗಳಿದ್ದರು. ಹಡಗಿನೊಳಗೆ ಜಪಾನಿನ ಚಿರಾನ್ ಶಾಂತಿ ಸಂಗ್ರಹಾಲಯದ ಸಹಕಾರದಿಂದ ಕಾಮಿಕಾಜೆ ಪೈಲಟ್‌ಗಳ ಕೊನೆಯ ಪತ್ರಗಳನ್ನು ಪ್ರದರ್ಶನಕ್ಕೆ ಇಟ್ಟಿದ್ದಾರೆ. ಮನೆಯವರಿಗೆ ಬರೆದ ಪತ್ರಗಳು. ಅವುಗಳ ಮುಂದೆ ನಿಂತವರಿಗೆ ಶೌರ್ಯ ಎಂಬ ಮಾತು ಬಾಯಿಗೆ ಬರುವುದಿಲ್ಲ. ಶೌರ್ಯಕ್ಕಾಗಿಯೇ ಮರ್ಯಾದೆ ಎಂದಾದರೆ ಹೆದರಿ ಓಡುವಾಗ ಬೆನ್ನಿಗೆ ಗುಂಡು ತಗುಲಿ ಸತ್ತವನ ಗತಿ ಏನು? ಅವನ ಹೆಣವನ್ನು ನಾಯಿಗೆ ಹಾಕಬಹುದೇ? ಶತ್ರುವಿನ ಸಂಸ್ಕಾರಕ್ಕೆ ಇನ್ನೊಂದು ಆಧಾರ ಬೇಕು ಅನ್ನಿಸಿತು.

ಆ ಆಧಾರವನ್ನು ನಾನು ನೋಡಿದ್ದು ನಮ್ಮ ಮನೆಯಲ್ಲೇ. ಮಲೆನಾಡಿನ ಅಡಿಕೆ ತೋಟದ ಮನೆ. ಅಪ್ಪನಿಗೂ ಅವರ ದೊಡ್ಡಪ್ಪನ ಮಗನಿಗೂ ತೋಟದ ಬೇಲಿಯ ವಿಚಾರಕ್ಕೆ ಕೋರ್ಟಿನಲ್ಲಿ ಕೇಸು. ಒಂದೇ ಅಂಗಳದ ಎರಡು ಮನೆ, ವರ್ಷಗಟ್ಟಲೆ ಮಾತಿಲ್ಲ, ಮದುವೆ ಮುಂಜಿಗೆ ಕರೆಯಿಲ್ಲ. ಆ ದಾಯಾದಿ ತೀರಿಕೊಂಡ ಸುದ್ದಿ ಬಂದಾಗ ಅಪ್ಪ ಊಟಕ್ಕೆ ಕೂತಿದ್ದರು. ಎಲೆ ಬಿಟ್ಟು ಎದ್ದರು. ಹೋಗಿ ಚಟ್ಟಕ್ಕೆ ಬಿದಿರು ಕಡಿದರು, ಹೆಗಲು ಕೊಟ್ಟರು, ಹತ್ತು ದಿನ ಸೂತಕ ಹಿಡಿದರು. ದೇವರ ಮನೆಗೆ ಕಾಲಿಡಲಿಲ್ಲ. ಅಮ್ಮ ಗೊಣಗಿದರು: “ಬದುಕಿದ್ದಾಗ ಮುಖ ನೋಡದವರು, ಈಗ ಯಾರಿಗೆ ತೋರಿಸುವುದಕ್ಕೆ?” ಅಪ್ಪ ಹೇಳಿದ್ದು ಇಷ್ಟೇ: “ಜಗಳ ಇದ್ದದ್ದು ಅವನ ಹತ್ತಿರ ಮಾರಾಯ್ತಿ, ಹೆಣದ ಹತ್ತಿರ ಏನು ಜಗಳ?” ಹದಿಮೂರನೇ ದಿನದ ಊಟ ಮುಗಿಸಿ ಬಂದರು. ಮುಂದಿನ ವಾಯಿದೆಗೆ ಕೋರ್ಟಿಗೂ ಹೋದರು.

ಸೂತಕಕ್ಕೆ ಪ್ರೀತಿ ಬೇಕಿಲ್ಲ, ಕ್ಷಮಿಸಿರಲೂ ಬೇಕಿಲ್ಲ. ಸತ್ತವನು ಒಳ್ಳೆಯವನೇ, ಧೀರನೇ ಎಂದು ಅದು ಕೇಳುವುದೂ ಇಲ್ಲ. ಸತ್ತವನಿಗೆ ತನ್ನ ಸಂಸ್ಕಾರವನ್ನು ತಾನೇ ಮಾಡಿಕೊಳ್ಳಲು ಬರುವುದಿಲ್ಲ, ಹತ್ತಿರ ಇರುವವರು ಮಾಡಬೇಕು. ಆ ಹುಡುಗನಿಗೆ ಹತ್ತಿರ ಇದ್ದವರು ಅವನನ್ನು ಗುಂಡಿಟ್ಟು ಉರುಳಿಸಲು ನೋಡಿದವರೇ. ಕತ್ತರಿ ಹಿಡಿದು ಬಾವುಟ ಹೊಲಿದವರ ಮನಸ್ಸಿನಲ್ಲಿ ಸಿಟ್ಟು ಆರಿತ್ತೆಂದು ನಾನು ನಂಬುವುದಿಲ್ಲ, ಆರಬೇಕಿತ್ತು ಎಂದೂ ಹೇಳುವುದಿಲ್ಲ. ಮನಸ್ಸು ಒಪ್ಪುವ ತನಕ ಕಾದಿದ್ದರೆ ಹೆಣ ಕೊಳೆಯುತ್ತಿತ್ತು. ಧರ್ಮ ಎಂದರೆ ಭಾವಶುದ್ಧಿ ಎಂದು ನಮಗೆ ಬಹಳ ಹೇಳಿದ್ದಾರೆ. ಒಪ್ಪುತ್ತೇನೆ. ಆದರೆ ಭಾವ ಶುದ್ಧವಾಗದ ಹೊತ್ತಿನಲ್ಲೂ ಕೈ ಮಾಡಬೇಕಾದ ಕೆಲಸ ಒಂದಿದೆ, ಅದೂ ಪೂರ್ಣ ಧರ್ಮವೇ, ಅರೆಪಾಲು ಅಲ್ಲ ಎಂಬುದು ನನ್ನ ನಂಬಿಕೆ.

ಮಹಾಭಾರತದ ಸ್ತ್ರೀಪರ್ವದಲ್ಲೂ ಕ್ರಮ ಹೀಗೆಯೇ ಇದೆ. ಯುದ್ಧ ಮುಗಿದ ಮೇಲೆ ಧರ್ಮರಾಯ ಎರಡೂ ಕಡೆಯವರಿಗೆ, ಹಿಂದೆ ಮುಂದೆ ಯಾರೂ ಇಲ್ಲದವರಿಗೂ, ದಹನ ಮಾಡಿಸುತ್ತಾನೆ. ಗಂಗೆಯಲ್ಲಿ ನೀರು ಬಿಡುವ ಹೊತ್ತಿಗೆ ಕುಂತಿ ಬಾಯಿ ಬಿಡುತ್ತಾಳೆ: ಕರ್ಣನಿಗೂ ಬಿಡು, ಅವನು ನಿನ್ನ ಅಣ್ಣ. ಶತ್ರುಗಳಿಗೆಲ್ಲ ಚಿತೆ ಒಟ್ಟಿ ಆದ ಮೇಲೆ ಒಬ್ಬ ಶತ್ರು ಒಡಹುಟ್ಟಿದವನಾಗಿ ಸಿಕ್ಕಿದ. ಸಂಸ್ಕಾರ ಮೊದಲು, ನೆಂಟಸ್ತಿಕೆ ಗೊತ್ತಾದದ್ದು ಆಮೇಲೆ.

ಇಷ್ಟಾದರೂ ಮಿಸೌರಿಯ ಲೆಕ್ಕ ಚುಕ್ತಾ ಆಗುವುದಿಲ್ಲ. ಇಳಿಯುವ ಮುಂಚೆ ಮುಂಭಾಗದ ಫಿರಂಗಿಗಳ ಕೆಳಗೆ ನಿಂತೆ. ಇಂಥವು ಒಟ್ಟು ಒಂಬತ್ತು, ಬಾಯಿಯ ಅಗಲ 16 ಅಂಗುಲ. ಒಂದೊಂದು ಗುಂಡು 1,200 ಕಿಲೋ ತನಕ ತೂಗುತ್ತದೆ, ಸುಮಾರು 38 ಕಿಲೋಮೀಟರ್ ದೂರ ಹೋಗಿ ಬೀಳುತ್ತದೆ. ಹಾರಿಸಿದವನಿಗೆ ಸತ್ತವನ ಮುಖ ಕಾಣುವುದಿಲ್ಲ. 1945ರ ಜುಲೈ 15ರಂದು ಮಿಸೌರಿ ಮತ್ತು ಜೊತೆಯ ಹಡಗುಗಳು ಹೊಕ್ಕೈಡೊ ದ್ವೀಪದ ಮುರೋರಾನ್ ಪಟ್ಟಣದ ಉಕ್ಕಿನ ಕಾರ್ಖಾನೆಗಳ ಮೇಲೆ ಗುಂಡು ಸುರಿದವು. ಪಟ್ಟಣದ ಜನವೂ ಸತ್ತರು. ಡೆಕ್ಕಿನ ಮೇಲೆ ಬಂದು ಬಿದ್ದವನಿಗೆ ಬಾವುಟ ಸಿಕ್ಕಿತು. ದೂರದಲ್ಲಿ ಸತ್ತವರ ಹತ್ತಿರ ಇದ್ದವರು ಯಾರು? ಕೊಲ್ಲುವವನ ಕೈ ಇಷ್ಟು ಉದ್ದವಾದ ಮೇಲೆ ‘ಹತ್ತಿರ ಇರುವವನು’ ಎಂಬ ನನ್ನ ಆಧಾರವೂ ಅಷ್ಟೇ ಉದ್ದ ಚಾಚಬೇಕಾಗುತ್ತದೆ. ಅದು ಎಲ್ಲಿಯವರೆಗೆ ಚಾಚೀತು ಎಂದು ನನಗೆ ಇನ್ನೂ ತೀರ್ಮಾನಿಸಲು ಆಗಿಲ್ಲ.

ಊರಿಗೆ ಬಂದ ಮೇಲೆ ತಮ್ಮನಿಗೆ ಹೇಳಿದೆ, ಈ ಸಲದ ಮಹಾಲಯ ಅಮಾವಾಸ್ಯೆಗೆ ಮುರೋರಾನ್‌ನಲ್ಲಿ ಸತ್ತವರಿಗೂ ನೀರು ಬಿಡು ಎಂದು. “ಹೆಸರಿಲ್ಲ, ಗೋತ್ರ ಇಲ್ಲ, ಹೇಗೆ ಅಕ್ಕಾ?” ಎಂದ. ಬಂಧುಗಳಲ್ಲದವರಿಗೂ ಕೊನೆಯಲ್ಲಿ ಬಿಡುವುದಿದೆಯಲ್ಲ, ಭೀಷ್ಮಾಷ್ಟಮಿಗೆ ಮಕ್ಕಳಿಲ್ಲದ ಭೀಷ್ಮರಿಗೆ ಊರವರೆಲ್ಲ ಬಿಡುವುದಿಲ್ಲವೇ ಎಂದೆ. ತುಸು ಹೊತ್ತು ಯೋಚಿಸಿ, ಆಗಬಹುದು, ಆ ಊರಿನ ಹೆಸರನ್ನು ಒಂದು ಚೀಟಿಯಲ್ಲಿ ಬರೆದುಕೊಡು ಎಂದ.