ಬೆಟ್ಟದ ಮೇಲಿನ ಮೋಡ, ಮನೆಯೊಳಗಿನ ಮೋಡ



ಬೇಸಿಗೆ ಬಂತೆಂದರೆ ನಿಮ್ಮಲ್ಲಿ ಕೆಲವರು ಮಕ್ಕಳನ್ನು ಅಜ್ಜಿಯ ಬಳಿ ಬಿಟ್ಟು, ಬೈಕು ಹತ್ತಿ ಚಿಕ್ಕಮಗಳೂರಿನ ಬೆಟ್ಟಗಳ ಕಡೆ ಹೊರಡುತ್ತೀರಿ. ಒಳ್ಳೆಯದೇ. ವರ್ಷವಿಡೀ ಸಾಲ, ಸಂಬಳ, ಶಾಲೆಯ ಫೀಸು ಎಂದಷ್ಟೇ ಮಾತಾಡಿದ ಗಂಡ ಹೆಂಡತಿ ಆ ದಾರಿಯಲ್ಲಿ ಒಬ್ಬರಿಗೊಬ್ಬರು ಮತ್ತೆ ಸಿಗುತ್ತಾರೆ. ಸೃಷ್ಟಿಯ ಚೆಲುವು ಕಂಡು ಮನಸ್ಸು ಹಗುರಾದರೆ ಅದೂ ದೇವರಿಗೆ ಸಲ್ಲುವ ಸ್ತುತಿ.

ಆದರೆ ಏಪ್ರಿಲ್, ಮೇ ತಿಂಗಳ ಬೆಟ್ಟಕ್ಕೆ ಎರಡು ಮುಖ. ಬೆಳಿಗ್ಗೆ ತಿಳಿ ಆಕಾಶ. ಬಿಸಿಲೇರಿದಂತೆ ಕಾದ ಗಾಳಿ ಇಳಿಜಾರಿನ ಗುಂಟ ಮೇಲೇರಿ, ತಣ್ಣಗಾಗಿ ಮೋಡ ಕಟ್ಟುತ್ತದೆ. ಮಧ್ಯಾಹ್ನ ಕಳೆದ ಮೇಲೆ ಗುಡುಗು, ಸಿಡಿಲು, ಒಮ್ಮೊಮ್ಮೆ ಆಲಿಕಲ್ಲು. 1,900 ಮೀಟರಿಗೂ ಎತ್ತರದ ಮುಳ್ಳಯ್ಯನಗಿರಿಯಂಥ ಕಡೆ, ಮರವಿಲ್ಲದ ಹುಲ್ಲಿನ ಏಣಿನ ಮೇಲೆ ಆಗ ಎಲ್ಲಕ್ಕಿಂತ ಎತ್ತರಕ್ಕೆ ನಿಂತಿರುವುದು ಮನುಷ್ಯನೇ. ಕೆಳಗಿನ ರಸ್ತೆಯೋ, ಧೂಳು ಎಣ್ಣೆ ಸೇರಿ ಮೊದಲ ಹನಿಗೇ ಜಾರುತ್ತದೆ.

ನೆತ್ತಿಗೆ ಇನ್ನು ಕಾಲು ಗಂಟೆಯ ದಾರಿ ಎನ್ನಿ. "ರೀ, ಗುಡುಗು ಕೇಳಿಸ್ತು, ಇಳಿಯೋಣ" ಎನ್ನುತ್ತಾಳೆ ಹೆಂಡತಿ. "ಇಷ್ಟು ದೂರ ಬಂದು ಹಿಂದಕ್ಕಾ?" ಎನ್ನುತ್ತಾನೆ ಗಂಡ. ಆ ಕ್ಷಣದಲ್ಲಿ ಗೆಲ್ಲಬೇಕಾದದ್ದು ಯಾವುದು? ಬೆಟ್ಟವೋ, ಹಟವೋ, ಜೊತೆಗಿರುವ ಜೀವವೋ?

ಸಂತ ಲೂಕರ ಶುಭಸಂದೇಶದ 12ನೇ ಅಧ್ಯಾಯ ತೆರೆದು ನೋಡಿ. ಪಶ್ಚಿಮದಲ್ಲಿ ಮೋಡವೆದ್ದರೆ ಮಳೆ ಬರುತ್ತದೆಂದು ಬಲ್ಲ ಜನರು ತಮ್ಮ ಕಾಲದ ಗುರುತನ್ನು ಅರಿಯದೆ ಹೋದದ್ದಕ್ಕೆ ಯೇಸುಸ್ವಾಮಿ ಅವರನ್ನು ಗದರಿಸುತ್ತಾರೆ. ಆ ಮಾತು ನಮಗೂ ತಗಲುತ್ತದೆ. ಎರಡು ದಿನದಿಂದ ಮಾತು ಕಡಿಮೆಯಾದ ಹೆಂಡತಿ, ಅರ್ಧ ಊಟಕ್ಕೇ ಎದ್ದುಹೋಗುವ ಗಂಡ, ಇವೂ ಮೋಡಗಳೇ. ಆಕಾಶದ ಮೋಡಕ್ಕೆ ಕೊಡೆ ಹುಡುಕುವ ನಾವು ಮನೆಯ ಮೋಡವನ್ನು ಸಿಡಿಲು ಬಡಿಯುವ ತನಕ ನೋಡುವುದಿಲ್ಲ.

ಆಲ್ಪ್ಸ್ ಪರ್ವತದ ಕಣಿವೆದಾರಿಯಲ್ಲಿ, ಸುಮಾರು 2,470 ಮೀಟರ್ ಎತ್ತರದಲ್ಲಿ, 11ನೇ ಶತಮಾನದಲ್ಲಿ ಸಂತ ಬರ್ನಾರ್ಡರು ದಾರಿಹೋಕರಿಗಾಗಿ ಒಂದು ಆಶ್ರಯಧಾಮ ಕಟ್ಟಿದರು. ಯೌವನದಲ್ಲಿ ತಾವೇ ಪರ್ವತಾರೋಹಿಯಾಗಿದ್ದ ಜಗದ್ಗುರು 11ನೇ ಪಿಯುಸರು 1923ರಲ್ಲಿ ಅವರನ್ನು ಪರ್ವತಾರೋಹಿಗಳ ಪಾಲಕ ಸಂತರೆಂದು ಸಾರಿದರು. ಗಮನಿಸಿ, ಬರ್ನಾರ್ಡರು ನೆನಪಿನಲ್ಲಿ ಉಳಿದದ್ದು ಶಿಖರವೇರಿದ್ದಕ್ಕಲ್ಲ. ಹಿಮಗಾಳಿಗೆ ಸಿಕ್ಕಿದವರಿಗೆ ಬಾಗಿಲು ತೆರೆದದ್ದಕ್ಕೆ. ದಂಪತಿಗಳು ಒಬ್ಬರಿಗೊಬ್ಬರು ಆಗಬೇಕಾದದ್ದೂ ಅಂಥ ಆಶ್ರಯವೇ.

ಹಿಂದಿರುಗುವುದು ಸೋಲಲ್ಲ. ರೂಪಾಂತರದ ಬೆಟ್ಟದಲ್ಲಿ ಪೇತ್ರನಿಗೆ ಗುಡಾರ ಹಾಕಿ ಅಲ್ಲೇ ಉಳಿಯುವ ಆಸೆ. ಪ್ರಭು ಶಿಷ್ಯರನ್ನು ಕೆಳಗೆ ಕರೆತಂದರು. ಕೆಳಗೆ ರೋಗಿ ಮಗನ ತಂದೆ ಕಾಯುತ್ತಿದ್ದ. ನಿಮಗೂ ಕೆಳಗೆ ಕಾಯುವವರಿದ್ದಾರೆ.

ಆದ್ದರಿಂದ ನಸುಕಿಗೇ ಹೊರಡಿ, ಮಧ್ಯಾಹ್ನಕ್ಕೆ ಮೊದಲೇ ಇಳಿಯಿರಿ. ಹಿಂದೆ ಕುಳಿತವರಿಗೂ ಹೆಲ್ಮೆಟ್ ಇರಲಿ. "ಇಳಿಯೋಣ" ಎಂದು ಇಬ್ಬರಲ್ಲಿ ಯಾರು ಹೇಳಿದರೂ ಇನ್ನೊಬ್ಬರು ವಾದಿಸದಿರಲಿ. ಇದೇ ನಿಯಮವನ್ನು ಮನೆಗೂ ತನ್ನಿ: ಜಗಳ ಏರುವಾಗ ಒಬ್ಬರು "ಸಾಕು" ಎಂದರೆ ಇಬ್ಬರೂ ಇಳಿಯಿರಿ. ಈ ರಾತ್ರಿ ಮಲಗುವ ಮುನ್ನ ಜೊತೆಯಾಗಿ ಒಂದು ಪರಲೋಕ ಮಂತ್ರ ಹೇಳಿ. ಬಿರುಗಾಳಿಯನ್ನು ಗದರಿಸಿದ ಪ್ರಭು ನಿಮ್ಮ ಏರಿಳಿತದಲ್ಲೆಲ್ಲ ಜೊತೆಗಿರಲಿ. ಆಮೆನ್.